ಕಿಡಿ ಸತ್ತ ಬೈಕು

ಮರಿಮಲ್ಲಪ್ಪನ ತಲೆಬುರುಡೆ ಮೂರು ಕಡೆ ಒಡೆದಿತ್ತು. ಗುಂಡ್ಲುಪೇಟೆಯ ಅವನ ಶೆಡ್ಡಿನಲ್ಲಿ ಹಳೆಯ ಬೈಕಿನ ಪಕ್ಕದಲ್ಲೇ ಹೆಣ ಬಿದ್ದಿತ್ತು. ರಕ್ತ ಪೆಟ್ರೋಲ್ ಟ್ಯಾಂಕಿನವರೆಗೂ ಸಿಡಿದಿತ್ತು. 1996ರ ಒಂದು ಮಂಗಳವಾರ ಬೆಳಗ್ಗೆ ಪಕ್ಕದ ಮನೆಯ ದೊಡ್ಡಮಾದಮ್ಮ ಅದನ್ನು ಕಂಡು ಕಿರುಚಿಕೊಂಡಳು.

"ಆರು ಗಂಟೇಲಿ ಬೈಕೊಂದು ಬರ್ರಂತ ಓಯ್ತು ಕಣಪ್ಪ. ಓಡಿಸ್ತಿದ್ದೋನ್ ಮೊಕ ಕಾಣ್ನಿಲ್ಲ," ಎಂದಳು ಎಸ್ಸೈ ಚೆಲುವಯ್ಯನಿಗೆ.

ಹಿಂದಿನ ದಿನ ಬಜಾರಿನಲ್ಲಿ ಮೆಕ್ಯಾನಿಕ್ ಕಲಂದರನ ತಮ್ಮ ವಸೀಂ ಮರಿಮಲ್ಲಪ್ಪನ ಕಪಾಳಕ್ಕೆ ಹೊಡೆದಿದ್ದ. ವಸೀಂಗೆ ಬೈಕೂ ಇತ್ತು. ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಸ್ಟೇಷನ್ನಿನ ಹಿಂದಿನ ಕೋಣೆಯಿಂದ ಅವನ ಚೀರಾಟ ರಸ್ತೆಗೆ ಕೇಳುತ್ತಿತ್ತು.

ಕಲಂದರ್ ಚೆಲುವಯ್ಯನ ಮುಂದೆ ಕೈಮುಗಿದು ನಿಂತ. "ಬೇರೆ ಯಾರ್ ಮೇಲೂ ಅನುಮಾನ ಇಲ್ವಾ ಸಾರ್?"

"ಬೇಗೂರಿನ ಮಹಾಲಿಂಗ. ಆನೆದಂತದ ಕೇಸು. ನಾಳೆ ಚಾಮರಾಜನಗರದ ಕೋರ್ಟಲ್ಲಿ ಮರಿಮಲ್ಲಪ್ಪ ಅವನ ಮೇಲೆ ಸಾಕ್ಷಿ ಹೇಳ್ಬೇಕಿತ್ತು. ಆದ್ರೆ ಅವನ ಬೈಕು ವಾರದಿಂದ ಕೆಟ್ಟು ಬಿದ್ದಿದೆಯಂತೆ. ನಾನೇ ಒದ್ದು ನೋಡ್ದೆ, ಉಸಿರಿಲ್ಲ."

"ಆ ಗಾಡೀನ ನಾನೊಂದ್ಸಲ ನೋಡ್ತೀನಿ ಸಾರ್. ನಿಮ್ ಕಾಲಿಗೆ ಬೀಳ್ತೀನಿ."

ಒಳಗಿನಿಂದ ಮತ್ತೊಂದು ಚೀತ್ಕಾರ. ಚೆಲುವಯ್ಯ ಟೋಪಿ ತೆಗೆದುಕೊಂಡ. "ಜೀಪ್ ಹತ್ತು."

* * *

ಬೇಗೂರಿನಲ್ಲಿ ಮಹಾಲಿಂಗ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ.

"ಅಳೇ ಗಾಡಿ ಕಣಣ್ಣ. ಕಾಯಿಲ್ ಸುಟ್ಟೋಗಿರ್ಬೇಕು. ಮರಿಮಲ್ಲಪ್ಪನ ತಾವ್ಕೆ ನಾನು ಓಗಿ ತಿಂಗಳಾಯ್ತು."

ಕಲಂದರ್ ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡಿದ. ಚೆಲುವಯ್ಯ ಕಿಕ್ ಹೊಡೆದ. ಕಿಡಿಯೇ ಇಲ್ಲ. ಹೊಸ ಪ್ಲಗ್ ಹಾಕಿದರೂ ಇಲ್ಲ. ಕಲಂದರ್ ಮೀಟರ್ ಹಚ್ಚಿ ಕಾಯಿಲ್‌ಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಚೆನ್ನಾಗಿದ್ದವು. ವೈರು ಎಲ್ಲೂ ಕಡಿದಿರಲಿಲ್ಲ. ಉಳಿದದ್ದು ಸೀಟಿನಡಿಯ ಕರಿ ಡಬ್ಬಿ ಮಾತ್ರ. ಪ್ಲಗ್ಗಿಗೆ ಕಿಡಿ ಕಳಿಸುವ ಸಿ.ಡಿ.ಐ. ಅದನ್ನು ಕಿತ್ತು ಹಿಂದು ಮುಂದು ತಿರುಗಿಸಿದ. ಗೀರೊಂದರ ಮೇಲೆ ಹೆಬ್ಬೆರಳು ನಿಂತಿತು.

"ಸಾರ್, ಇದು ಮರಿಮಲ್ಲಪ್ಪೋರ ಬೈಕಿಂದು! ತಮ್ಮ ಮಾಡಿದ್ದಕ್ಕೆ ಕ್ಷಮೆ ಕೇಳೋಕೆ ನೆನ್ನೆ ಸಂಜೆ ಶೆಡ್ಡಿಗೆ ಹೋಗಿದ್ದೆ. ಅವರದೂ ಇದೇ ಥರದ ಗಾಡಿ, ಅದ್ರಲ್ಲೂ ಕಿಡಿ ಬರ್ತಿರ್ಲಿಲ್ಲ. ಹೊಸ್ದು ಹಾಕಿ, ಕೆಟ್ಟಿದ್ದು ಇದೇ ಅಂತ ಸ್ಕ್ರೂಡ್ರೈವರಲ್ಲಿ ನನ್ನ ಗುರ್ತು ಗೀರಿ ಅವರ ಕೈಗೇ ಕೊಟ್ಟೆ. ನೋಡಿ, ಗೀರು ಇನ್ನೂ ಹೊಳೀತಿದೆ. ವಾರದಿಂದ ನಿಂತಿರೋ ಗಾಡಿಗೆ ಇದು ಹೆಂಗ್ ಬಂತು?"

ಮಹಾಲಿಂಗ ಜಗಲಿಯಿಂದ ಧುಮುಕಿದ. ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿ ಬೀಸಿದ. ಕಲಂದರನ ಮುಂಗೈ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ತಲೆಗೆ ಬೀಳುವ ಮೊದಲೇ ಚೆಲುವಯ್ಯ ರಿವಾಲ್ವರಿನ ಹಿಡಿಯಿಂದ ಮಹಾಲಿಂಗನ ಬಾಯಿಗೆ ಗುದ್ದಿದ. ಎರಡು ಹಲ್ಲು ರಕ್ತದೊಂದಿಗೆ ನೆಲಕ್ಕೆ ಬಿದ್ದವು.

ರಾಗಿ ಮೂಟೆಯೊಳಗೆ ಮಹಾಲಿಂಗನ ಸ್ವಂತ ಡಬ್ಬಿ ಸಿಕ್ಕಿತು. ಅದನ್ನು ಜೋಡಿಸಿದೊಡನೆ ಬೈಕು ಒಂದೇ ಒದೆತಕ್ಕೆ ಗರ್ಜಿಸಿತು.

"ಸಾಯಿಸ್ಬುಟ್ಟು ತಿರುಗ್ದಾಗ ಬೆಂಚಿನ ಮ್ಯಾಲೆ ಕಾಣ್ತು. ಪಕ್ಕದಲ್ಲೇ ಒಸಾದ್ರ ಖಾಲಿ ರಟ್ಟು ಇತ್ತು, ಇದು ಕೆಟ್ಟಿದ್ದು ಅಂತ ತಿಳೀತು. ಇದನ್ನ ಆಕುದ್ರೆ ಗಾಡಿ ಓಡಲ್ಲ, ಯಾರೂ ನನ್ನ ಕೇಳಲ್ಲ ಅನ್ಕಂಡೆ," ಎಂದು ಮಹಾಲಿಂಗ ರಕ್ತ ಉಗುಳಿದ.

* * *

ಸ್ಟೇಷನ್ನಿನಲ್ಲಿ ವಸೀಂ ಎದ್ದು ನಿಲ್ಲಲಾರದೆ ಗೋಡೆಗೆ ಒರಗಿದ್ದ. ಅಂಗಾಲುಗಳು ಬಾತು ಕಪ್ಪಾಗಿದ್ದವು.

"ಭಾಯ್, ನಾನಲ್ಲ," ಎಂದ, ಇನ್ನೂ ಯಾರೋ ಕೇಳುತ್ತಿದ್ದಾರೆ ಎಂಬಂತೆ.

"ಗೊತ್ತು ಕಣೋ."

ಚೆಲುವಯ್ಯ ನೆಲ ನೋಡಿದ. "ಜೀಪಲ್ಲಿ ಆಸ್ಪತ್ರೆಗೆ ಬಿಡ್ತೀನಿ ಕಲಂದರ್."

"ಬೇಡ ಬುಡಿ ಸಾರ್."

ಕಲಂದರ್ ಮುರಿಯದ ಕೈಯನ್ನು ತಮ್ಮನ ಕಂಕುಳಿಗೆ ಕೊಟ್ಟು ಎಬ್ಬಿಸಿದ.