ಗಂಜಿ ಹಚ್ಚಿದ ಗೇಮ್

“ಇದಕ್ಕ ಗಂಜಿ ಹಚ್ಚಿದವರು ಯಾರು?”

ದೀಪಕ ತಲೆಯೆತ್ತದೆ ಕೇಳಿದ. ಅವನ ರಿಪೇರಿ ಅಂಗಡಿಯ ಮೇಜಿನ ಮೇಲೆ ಕಸ್ತೂರಿಯ ಗೇಮ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಎರಡು ಕೈಯಲ್ಲಿ ಹಿಡಿದು ಆಡುವ, ರೊಟ್ಟಿಯ ಅರ್ಧದಷ್ಟು ಯಂತ್ರ. ಒಳಗಿನ ಕರಿಯ ಚಿಪ್‌ನ ಮೇಲೆ ಬೆಳ್ಳಗಿನ ಪದರವೊಂದು ಒಣಗಿ ಸೀಳು ಬಿಟ್ಟಿತ್ತು. ಅದರಲ್ಲಿ ಎರಡು ಇರುವೆಗಳು ಅಂಟಿಕೊಂಡು ಸತ್ತಿದ್ದವು.

“ನಾನ,” ಎಂದಳು ಕಸ್ತೂರಿ, ಗದ್ದ ಎತ್ತಿ.

“ಯಾಕ?”

“ಮೊದಲ ಇದ್ದ ಪೇಸ್ಟ್ ಒಣಗಿ ಉದುರಿತ್ತು. ಮಗ್ಗದಾಗ ಹಾಸಿನ ಎಳಿ ಹರೀಬಾರದಂತ ಗಂಜಿ ಹಚ್ಚೂದಿಲ್ಲೇನು? ಇದೂ ಅಂಥಾದ್ದ ಅನ್ಕೊಂಡೆ.”

“ಒಳಗಿನ ಬಿಸಿ ಹೊರಗ ಹೋಗ್ಲೆಂತ ಹಚ್ಚೂದು ಇದು. ನೀ ಕೌದಿ ಹೊಚ್ಚಿ ಮಲಗ್ಸೀದಿ.” ಅವನು ಒಂದು ಇರುವೆಯನ್ನು ಚಿಮಟಿಯಲ್ಲಿ ಎತ್ತಿ ಬೆಳಕಿಗೆ ಹಿಡಿದ. “ಇವಕ್ಕರೆ ಊಟ ಆತು.”

ಚಹಾ ಇಡಲು ಬಂದಿದ್ದ ಪಕ್ಕದ ಅಂಗಡಿಯ ಮುರ್ತುಜಸಾಬ ಬಗ್ಗಿ ನೋಡಿ, “ಒಗ್ಗರಣಿ ಹಾಕಿಲ್ಲಲ್ಲ ಯವ್ವಾ, ಅಷ್ಟ ಪುಣ್ಯಾ,” ಎಂದು ಹೊರಟುಹೋದ. ದೀಪಕನ ತುಟಿ ಒಂದು ಬದಿಗೆ ಎಳೆದಂತಾಯಿತು. ಕಸ್ತೂರಿ ಅದನ್ನು ಕಂಡಳು. ಕಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಇಳಕಲ್ಲಿನಲ್ಲಿ ಇಂಥದ್ದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲವನು ಅವನೊಬ್ಬನೇ ಆಗಿರದಿದ್ದರೆ ಅವಳು ಈ ಮೆಟ್ಟಿಲನ್ನು ಹತ್ತುತ್ತಲೇ ಇರಲಿಲ್ಲ. ಪಿಯುಸಿಯಲ್ಲಿ ಇಬ್ಬರೂ ಒಂದೇ ಕ್ಲಾಸು. ಕಂಪ್ಯೂಟರ್ ಕಲಿತ ಹುಡುಗನೆಂದು ನಂಬಿ, ಸೀರೆಯ ಅಂಚಿಗೆಂದು ಗ್ರಾಫ್ ಹಾಳೆಯ ಮೇಲೆ ತಾನು ಬರೆದ ಬಾರಿಹಣ್ಣಿನ ದಡಿಯನ್ನು ಅವನ ಕೈಗೆ ಕೊಟ್ಟಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವನಪ್ಪ ನೀಲಪ್ಪನ ಆರು ಪವರ್‌ಲೂಮುಗಳು ಅದೇ ದಡಿಯನ್ನು ಗಡಗಡ ನೇಯುತ್ತಿದ್ದವು. ಕಸ್ತೂರಿಯ ಮನೆಯ, ಕೈಯಿಂದ ನೇಯುವ ಕುಣಿಮಗ್ಗದಲ್ಲಿ ಅದೇ ದಡಿಯ ಮೊದಲ ಸೀರೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಅದಾಗಿ ಮೂರು ವರ್ಷ. ಸಂತೆಯಲ್ಲಿ ಎದುರಾದರೂ ಅವಳು ಸೆರಗು ಬಿಗಿದುಕೊಂಡು ದಾಟಿ ಹೋಗುತ್ತಿದ್ದಳು.

ಈಗ ಅವಳ ಜೀವವೇ ಅವನ ಮೇಜಿನ ಮೇಲಿತ್ತು.

ಮುಂಬೈಯ ಸೋದರಮಾವ ಕೊಟ್ಟ ಆ ಯಂತ್ರದಲ್ಲಿ ಕಸ್ತೂರಿ ಆಟವನ್ನೇನೂ ಆಡಿರಲಿಲ್ಲ. ಅದರಲ್ಲಿ ಚಿತ್ರ ಬರೆಯುವ ಆಟವೊಂದಿತ್ತು, ತೆರೆಯ ತುಂಬ ಸಣ್ಣಸಣ್ಣ ಚೌಕ. ಎರಡು ವರ್ಷ ಕೂತು ನಲವತ್ತೊಂದು ದಡಿಗಳನ್ನು ಅದರೊಳಗೆ ತುಂಬಿದ್ದಳು. ಸೋಮವಾರ ಬಾಗಲಕೋಟೆಯಲ್ಲಿ ನೇಕಾರರ ಸೊಸೈಟಿಯವರು ಹೊಸ ದಡಿ ಆರಿಸುವವರಿದ್ದರು. ಆರಿಸಿದರೆ ಅದು ಅವಳ ಹೆಸರಿನಲ್ಲೇ ನೇಯುವ ದಡಿ, ಯಾರೂ ಮುಟ್ಟುವಂತಿಲ್ಲ. ಚಿತ್ರಗಳನ್ನು ಮೆಮರಿ ಕಾರ್ಡಿಗೆ ಇಳಿಸಲು ಹತ್ತು ನಿಮಿಷ ಬೇಕು. ಯಂತ್ರವೋ ಮೂರು ನಿಮಿಷಕ್ಕೆ ಕಾದ ಹಂಚಾಗಿ ಕಣ್ಣು ಮುಚ್ಚುತ್ತಿತ್ತು.

ಅಜ್ಜಿ ಇಂದ್ರವ್ವನ ಕಥೆಗಳಲ್ಲಿ ರಾಕ್ಷಸನ ಜೀವ ಗಿಣಿಯೊಳಗೆ, ಗಿಣಿ ಪಂಜರದೊಳಗೆ ಇರುತ್ತಿತ್ತು. ಇಲ್ಲಿ ಎಲ್ಲ ತಿರುವುಮುರುವು. ಪಂಜರದೊಳಗೆ ಇದ್ದದ್ದು ರಾಜಕುಮಾರಿಯ ಜೀವ, ರಾಕ್ಷಸನ ಕೈಯಲ್ಲಿ ಸ್ಕ್ರೂಡ್ರೈವರ್.

“ಒಂದು ಮಾತು,” ಎಂದಳು. “ಚಾಲೂ ಮಾಡಿದ ಮ್ಯಾಲ ನೀ ಸ್ಕ್ರೀನ್ ನೋಡಂಗಿಲ್ಲ.”

“ನೋಡದ, ರಿಪೇರಿ ಆಗೇತೋ ಇಲ್ಲೋ ನನಗ ಹೆಂಗ ತಿಳೀಬೇಕು?”

“ನಾ ನೋಡಿ ಹೇಳ್ತೇನಿ. ನೀ ಗ್ವಾಡಿ ನೋಡ್ಕೋಂತ ಕುಂದ್ರು.”

ಆಗ ಅವನು ಮೊದಲ ಬಾರಿ ಅವಳ ಮುಖ ನೋಡಿದ. ಕಣ್ಣಲ್ಲಿ ಜಗಳವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತಂದಿತು.

“ಆತು. ಗ್ವಾಡಿ,” ಎಂದ.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವನು ಒಣಗಂಜಿಯನ್ನು ಒರೆಸತೊಡಗಿದ. ಮೂಲೆಯಲ್ಲಿ ಗಟ್ಟಿಯಾದದ್ದನ್ನು ಉಗುರಿನಿಂದ ಕೆರೆಯದೆ, ಮೆತ್ತಗಾಗುವವರೆಗೆ ಕಾದ. ಲಾಳಿ ಹಿಡಿಯಬೇಕಾಗಿದ್ದ ಕೈ, ಎಂದುಕೊಂಡಳು ಕಸ್ತೂರಿ. ಬಗ್ಗಿದ ಅವನ ರೆಪ್ಪೆಗಳು ಹೆಣ್ಣುಮಕ್ಕಳದ್ದಕ್ಕಿಂತ ಉದ್ದವಾಗಿದ್ದವು. ಇದನ್ನು ಕ್ಲಾಸಿನಲ್ಲೇ ಗಮನಿಸಿದ್ದಳು, ಮರೆತಿದ್ದೇನೆ ಎಂದುಕೊಂಡಿದ್ದಳು. ಅವಳು ಕಣ್ಣು ಕಿತ್ತು ಫ್ಯಾನಿನ ಕಡೆ ನೆಟ್ಟಳು.

ಚಿಪ್ ಕನ್ನಡಿಯಂತಾಯಿತು. ಸಣ್ಣ ಸಿರಿಂಜಿನಿಂದ ಬೂದುಬಣ್ಣದ ಪೇಸ್ಟ್ ಒಂದು ಚುಕ್ಕೆ ಬಿತ್ತು.

“ಇಷ್ಟ ಏನು? ಜಿಪುಣತನ ಬ್ಯಾಡ, ರೊಕ್ಕ ಕೊಡ್ತೇನಿ.”

“ಅರ್ಧ ಜೋಳದ ಕಾಳಿನಷ್ಟು. ಹೆಚ್ಚಾದ್ರ ಅದೂ ಕೌದಿನ.”

ಗಂಜಿ ದಪ್ಪವಾದರೆ ಎಳೆ ಹೇಗೆ ಪಟಪಟ ಮುರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಹೌದು ಎಂದರೆ ಸೋತಂತೆ. ಅವನು ಲೋಹದ ತಗಡನ್ನು ಮೇಲಿಟ್ಟು, ನಾಲ್ಕೂ ಸ್ಕ್ರೂಗಳನ್ನು ಅಡ್ಡಡ್ಡ ಕೋನಗಳಿಂದ ಸ್ವಲ್ಪಸ್ವಲ್ಪವೇ ಬಿಗಿದ. ಯಂತ್ರ ಮುಚ್ಚಿ ಅವಳ ಕೈಗೆ ಕೊಟ್ಟ.

“ಅರ್ಧ ತಾಸು ಚಾಲೂ ಇಟ್ಟು ನೋಡು. ಆಮ್ಯಾಲ ಕಾಪಿ ಮಾಡು. ಕಾಪಿ ನಡುವ ಬಂದಾದ್ರ ಚಿತ್ರ ಕೆಡ್ತಾವು.”

ಹೇಳಿದ ಹಾಗೆಯೇ ಕುರ್ಚಿ ತಿರುಗಿಸಿ, ಕ್ಯಾಲೆಂಡರಿನ ಕೆಳಗಿನ ಖಾಲಿ ಗೋಡೆಗೆ ಮುಖ ಮಾಡಿ ಕೂತ.

ತೆರೆ ಬೆಳಗಿತು. ಮೂರು ನಿಮಿಷ ಕಳೆಯಿತು, ಐದು ಕಳೆಯಿತು. ಯಂತ್ರದ ಬೆನ್ನು ಅಂಗೈಗೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

“ನಿಮ್ಮಪ್ಪಗ ಹೇಳು,” ಎಂದಳು ಅವನ ಬೆನ್ನಿಗೆ. “ಈ ಸಲ ಕದ್ಯಾಕ ಏನೂ ಸಿಗಂಗಿಲ್ಲಂತ.”

“ಅಪ್ಪನ ಕೂಡ ಮಾತು ಬಿಟ್ಟು ಮೂರು ವರ್ಷ ಆತು. ಈ ಅಂಗಡಿ ಮ್ಯಾಲಿನ ಖೋಲ್ಯಾಗ ಇರ್ತೇನಿ.”

ಇದು ಅವಳಿಗೆ ಗೊತ್ತಿರಲಿಲ್ಲ. “ಯಾಕ? ಪಾಲು ಕೊಡ್ಲಿಲ್ಲೇನು?”

ಅವನು ಗೋಡೆಗೇ ಹೇಳಿದ. “ನಿನ್ನ ಹಾಳಿ ಅಪ್ಪಗ ತೋರಿಸಿದಾವ ನಾನ. ಕದ್ದು ತೋರಿಸ್ಲಿಲ್ಲ. ಇಂಥಾದ್ದು ಬರೆಯೂ ಹುಡುಗಿ ಐತಿ, ಆಕೀನ ನಮ್ಮನಿಗೆ ಕೇಳೂಣಂತ ಹೇಳಾಕ ತೋರಿಸ್ದೆ. ಅಪ್ಪ ಹುಡುಗಿ ಬಿಟ್ಟ, ಹಾಳಿ ಹಿಡಕೊಂಡ.”

ಹೊರಗೆ ಹುನಗುಂದದ ಬಸ್ಸು ಹಾರ್ನ್ ಹಾಕಿ ಹೋಯಿತು.

“ಅಷ್ಟ ಆಗಿದ್ರ ಅವತ್ತ ಬಂದು ಹೇಳ್ತಿದ್ದೆ,” ಎಂದ ಅವನು. “ಆ ದಡಿ ಮಗ್ಗದಾಗ ಮೂಡಾಕ ರಟ್ಟಿನ ಕಾರ್ಡಿಗೆ ತೂತು ಹೊಡಿ ಅಂದ ಅಪ್ಪ. ಹೊಡದೆ. ಪ್ರತಿ ತೂತೂ ಈ ಕೈಲೆನ ಹೊಡದೇನಿ. ಮೊದಲ ಸೀರಿ ಇಳದ ದಿನನ ಮನಿ ಬಿಟ್ಟೆ. ಬಿಟ್ಟು ಏನು ಬಂತು? ಕಾರ್ಡು ಇನ್ನೂ ಅಲ್ಲೇ ಅದಾವು. ಮಗ್ಗ ಇನ್ನೂ ನೇಯಾಕತ್ತೈತಿ.”

“ಮೂರು ವರ್ಷ ಬಾಯಾಗ ಕಡಬು ಇತ್ತೇನು?”

“ಹೆದರಿಕಿ ಇತ್ತು.”

“ಯಾರದು?”

“ನಿಂದು.”

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷ ಜೋಪಾನವಾಗಿ ಸಾಕಿದ ಸಿಟ್ಟು ಅದು. ಅದನ್ನು ಒಂದು ಮಧ್ಯಾಹ್ನಕ್ಕೆ ಬಿಟ್ಟುಕೊಡಲು ಅವಳೇನು ದಡ್ಡಿಯೇ? ಆದರೂ ಎದುರಿಗಿನ ಆ ಬೆನ್ನನ್ನು ನೋಡಿದಳು. ನೊಣವೊಂದು ಕಿವಿಯ ಮೇಲೆ ಕೂತರೂ ಅವನು ತಲೆ ಅಲುಗಿಸಿರಲಿಲ್ಲ. ತಿರುಗಿದರೆ ನೋಡಿಬಿಟ್ಟೇನೆಂಬ ಅಂಜಿಕೆ.

ಅರ್ಧ ತಾಸು ತುಂಬಿತು. ಮೆಮರಿ ಕಾರ್ಡು ಹಾಕಿದಳು. ಒಂದೊಂದೇ ದಡಿ ಇಳಿಯಿತು. ನಲವತ್ತೊಂದೂ ಇಳಿದವು. ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಇನ್ನು ಎದ್ದು ಹೋಗಬಹುದಿತ್ತು.

“ತಿರುಗು,” ಎಂದಳು.

“ಬ್ಯಾಡ. ಒಮ್ಮೆ ನೋಡಿದ್ರ ತಲ್ಯಾಗ ಉಳದಬಿಡ್ತೈತಿ.”

“ಉಳೀಲಿ.”

ಅವನು ಮೆಲ್ಲಗೆ ಎದ್ದು ತಿರುಗಿದ. ಕಸ್ತೂರಿ ತೆರೆಯನ್ನು ಅವನ ಕಡೆ ಹಿಡಿದಳು. ಕೆಂಪು ನೆಲದ ಮೇಲೆ ಹಳದಿ ಗಿಣಿಗಳ ಸಾಲು, ಒಂದರ ಕೊಕ್ಕು ಇನ್ನೊಂದರ ಬಾಲಕ್ಕೆ. ಅವನು ಅವಳನ್ನು ನೋಡಲಿಲ್ಲ, ಗಿಣಿಗಳನ್ನೇ ನೋಡಿದ. ನೋಡುತ್ತ ನೋಡುತ್ತ ಹುಬ್ಬು ಗಂಟಾಯಿತು. ಕಿರುಬೆರಳು ತೆರೆಯ ಹತ್ತಿರ ಬಂದು, ಮುಟ್ಟದೆ ನಿಂತಿತು.

“ಇಲ್ಲೆ, ಏಳನೇ ಗಿಣಿ. ರೆಕ್ಕ್ಯಾಗ ಒಂದು ಚೌಕ ತಪ್ಪೈತಿ.”

ಕಸ್ತೂರಿಯ ಎದೆ ಒಮ್ಮೆ ಎಗರಿತು. ಅಜ್ಜಿಗೆ ತೋರಿಸಿದರೂ ಅಪ್ಪನಿಗೆ ತೋರಿಸಿದರೂ ಯಾರಿಗೂ ಕಾಣದ ಚೌಕ ಅದು.

“ತಪ್ಪಲ್ಲ,” ಎಂದಳು. “ಬೇಕಂತ ಬಿಟ್ಟೇನಿ. ನಿನ್ನಿಂದನ ಕಲತ ಬುದ್ಧಿ. ಪ್ರತಿ ದಡ್ಯಾಗೂ ಒಂದೊಂದು ಇಡ್ತೇನಿ. ಕದ್ದಾವ ಅದನ್ನೂ ಸೇರಿಸಿ ಕದೀತಾನ, ಸಿಕ್ಕೊಂಡು ಬೀಳ್ತಾನ.”

ದೀಪಕ ಆ ಚೌಕವನ್ನು ಮತ್ತೊಮ್ಮೆ ನೋಡಿದ. ಆಮೇಲೆ, ಆ ಉದ್ದ ರೆಪ್ಪೆಗಳನ್ನು ಎತ್ತಿ, “ಹಂಗಾರ ಕಳ್ಳಗ ಯಾಕ ಹೇಳ್ದಿ?” ಎಂದ.

ಕಸ್ತೂರಿ ಆರಿ ಕೆನೆಗಟ್ಟಿದ ಚಹಾವನ್ನು ಅವನ ಕಡೆ ಸರಿಸಿ, ಗೋಡೆಯ ಕಡೆಗಿದ್ದ ಅವನ ಕುರ್ಚಿಯನ್ನು ಕಾಲಿನಿಂದ ತನ್ನ ಮಗ್ಗುಲಿಗೆ ಎಳೆದಳು.

“ಈ ದಡ್ಯಾಗ ಇನ್ನೊಂದು ಐತಿ,” ಎಂದಳು. “ಹುಡುಕು. ಸಿಕ್ಕ ಮ್ಯಾಲ ಯಾಕಂತ ಹೇಳ್ತೇನಿ.”