ಕ್ಯಾಮೆರಾ ಕಡೆ ನೋಡಬ್ಯಾಡ್ರಿ

ಭೋಸರಿಯ ಹಳೇ ಕಾರ್ಖಾನೆಯಲ್ಲಿ ಸಿನಿಮಾ ಶೂಟಿಂಗ್ ಶುರುವಾದ ದಿನ ಗೇಟಿನ ಮುಂದೆ ಎಷ್ಟು ಫೋಟೋಗ್ರಾಫರುಗಳು ಸೇರಿದ್ದರೆಂದರೆ, ಕೂರಲು ಜಾಗವಿಲ್ಲದೆ ಕಾಗೆಗಳೆಲ್ಲ ದೂರದ ಹಿಂಜವಾಡಿಗೆ ಹೋದವಂತೆ. ಹೀರೋಯಿನ್ ಬೆನ್ನು ಹತ್ತಿದ ಈ ಮಂದಿಯ ಮೇಲೆಯೇ ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡಲು ರೇಣು ಬಂದಿದ್ದಳು.

"ನಾ ಇಲ್ಲೇ ಇಲ್ಲ ಅಂತ ತಿಳ್ಕೋರಿ. ಕ್ಯಾಮೆರಾ ಕಡೆ ಮಾತ್ರ ನೋಡಬ್ಯಾಡ್ರಿ," ಎಂದಳು ಎಲ್ಲರಿಗೂ.

ಯಾರು ಕೇಳುತ್ತಾರೆ? ಫೋಟೋಗ್ರಾಫರ್ ದತ್ತು ಅಂತೂ ಅವಳ ಲೆನ್ಸ್ ನೋಡಿಕೊಂಡೇ ತಲೆ ಬಾಚಿಕೊಂಡ.

ಅದೇ ಗುಂಪಿನ ಶಿವರಾಜನ ರೀತಿ ಮಾತ್ರ ಅವಳಿಗೆ ಅರ್ಥವಾಗಲಿಲ್ಲ. ಅವಳ ಟ್ರೈಪಾಡ್ ಹೊರುತ್ತಿದ್ದ. ಚಟ್ನಿ ಬೇಡ ಎಂದು ಅವಳು ಒಮ್ಮೆ ಅಂದದ್ದಕ್ಕೆ, ಮರುದಿನದಿಂದ ಚಟ್ನಿಯಿಲ್ಲದ ವಡಾಪಾವ್ ತಂದುಕೊಟ್ಟ. ಆದರೆ ಕೊಡುವಾಗಲೂ ಮುಖ ಹೀರೋಯಿನ್ ಕಾರಿನ ಕಡೆ. ಐದು ದಿನ ಹೀಗೇ. ಇವನಿಗೆ ತನ್ನ ಮೇಲೆ ಸಿಟ್ಟೋ, ಆ ಹೀರೋಯಿನ್ ಮೇಲೆ ಹುಚ್ಚೋ? ರೇಣುವಿನ ತಲೆ ಗಿರ್ ಎಂದಿತು.

ಆರನೆಯ ದಿನ, ಶೂಟಿಂಗಿನ ಕೊನೆಯ ದಿನ. ಇವತ್ತು ತಿಳಿಯದಿದ್ದರೆ ಇನ್ನೆಂದೂ ತಿಳಿಯುವುದಿಲ್ಲ.

"ಮ್ಯಾಡಮ್, ಈ ಶಿವ್ಯಾ ತೆಗೆದ ಫೋಟೋ ನೋಡ್ರಿ ಒಮ್ಮೆ," ದತ್ತು ನಕ್ಕ. "ದಿನಾ ಆಫೀಸಿನ್ಯಾಗ ಬೈಸ್ಕೋತಾನ."

"ನನ್ನ ಪಿಚ್ಚರಿಗೆ ಬೇಕ್ರಿ, ಕೊಡ್ರಿ," ಎಂದು ರೇಣು ಕೈ ಚಾಚಿದಳು. ಶಿವರಾಜ ಹಿಂದೆ ಮುಂದೆ ನೋಡಿ ಕ್ಯಾಮೆರಾ ಕೊಟ್ಟ.

ಬರೀ ಕಾರಿನ ಫೋಟೋಗಳು. ಒಳಗೆ ಹೀರೋಯಿನ್ ಹೊಗೆಯ ಹಾಗೆ ಮಸುಕು. ಕಪ್ಪು ಗಾಜಿನ ಮೇಲೆ ಮಾತ್ರ ಒಂದು ಮುಖ ನಿಚ್ಚಳ: ಜಾರಿದ ಜಡೆ, ಹೆಗಲ ಮೇಲೆ ಕ್ಯಾಮೆರಾ. ಪ್ರತಿಯೊಂದರಲ್ಲೂ ರೇಣುವೇ.

"ಏನ್ರಿ ಇದು?"

"ಕ್ಯಾಮೆರಾ ಕಡೆ ನೋಡಬ್ಯಾಡ್ರಿ ಅಂದಿದ್ರಿ," ನೆಲ ನೋಡುತ್ತ ಹೇಳಿದ ಶಿವರಾಜ. "ಗಾಜಿನ್ಯಾಗ ನೋಡಬ್ಯಾಡ್ರಿ ಅಂದಿದ್ದಿಲ್ಲ."

ಅಷ್ಟರಲ್ಲಿ ಗೇಟು ತೆರೆಯಿತು. ಐದು ದಿನ ಕರೀ ಛತ್ರಿಗಳ ಮರೆಯಲ್ಲೇ ಓಡಾಡಿದ್ದ ಹೀರೋಯಿನ್, ಇವತ್ತು ಬರೀ ಬಿಸಿಲಲ್ಲಿ ನಡೆದು ಬಂದಳು.

"ಶಿವ್ಯಾ, ಛತ್ರಿ ಇಲ್ಲದ ಬಂದಾಳ, ಓಡೋ," ಎಂದು ದತ್ತು ಓಡಿದ. ಶಿವರಾಜನೊಬ್ಬನನ್ನು ಬಿಟ್ಟು ಎಲ್ಲರೂ ಓಡಿದರು.

ರೇಣು ತನ್ನ ಲೆನ್ಸಿಗೆ ಮುಚ್ಚಳ ಹಾಕಿದಳು. "ಕ್ಯಾಮೆರಾ ಬಂದ್ ಅದ. ಈಗ ನೋಡ್ರಿ."

ಶಿವರಾಜ ಮೆಲ್ಲಗೆ ತಲೆ ಎತ್ತಿದ. "ಎಷ್ಟೊತ್ತು ನೋಡಬಹುದ್ರಿ?"

"ನಾ ಕಟ್ ಅನ್ನೂತನಕ."

"ಯಾವಾಗ ಅಂತೀರಿ?"

"ಅನ್ನೂದಿಲ್ಲ."

ತನ್ನ ಫೋಟೋ ತೆಗೆಯದೆ ನಿಂತ ಈ ಒಬ್ಬನನ್ನು ಕಂಡು ಹೀರೋಯಿನ್ನೇ ಬೆರಗಾಗಿ ನಿಂತಳಂತೆ. ಆಮೇಲೆ ತನ್ನ ಫೋನ್ ತೆಗೆದು, ಇವರಿಬ್ಬರದೊಂದು ಫೋಟೋ ಹೊಡೆದುಕೊಂಡು ಹೋದಳಂತೆ. ದತ್ತು ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಅವರಿಬ್ಬರಿಗೆ ಮಾತ್ರ ಅದು ಗೊತ್ತೇ ಇಲ್ಲ.