ಬಜ್ಜಿ ದಾಟಿ ಓಡಿದ ಚಿಕ್ಕಪ್ಪ

“ಪೀ... ಪೀ... ಪೀ! ಚಿಕ್ಕಪ್ಪಾ, ಬಜ್ಜಿ ಕೆಳಗಿಡು!”

ಸೀಟಿ ಕೇಳಿದ್ದೇ ತಡ, ನರೇಶ ಚಿಕ್ಕಪ್ಪ ಅರ್ಧ ಬಜ್ಜಿ ಗುಳುಂ ಮಾಡಿ ಓಟ ಕಿತ್ತ. ಇನ್ನರ್ಧ ಕೈಯಲ್ಲೇ ಇತ್ತು. ಹೋಟೆಲಿನ ಮುಂದೆ ಮಲಗಿದ್ದ ನಾಯಿ ಅದನ್ನು ನೋಡಿ ಅವನ ಹಿಂದೆ ಬಿತ್ತು. ನಾಯಿಯ ಹಿಂದೆ ಸೈಕಲ್ ಮೇಲೆ ಭುವನಾ, ಅಪ್ಪನ ಫೋನಿನಲ್ಲಿ ಟೈಮ್ ನೋಡುತ್ತಾ, ಸೀಟಿ ಊದುತ್ತಾ.

“ಏಮಯ್ಯಾ ಮಿಲಿಟ್ರಿ! ನಾ ಬಜ್ಜಿ ವದ್ದಾ?” ತನ್ನ ಬಜ್ಜಿ ಬೇಡವೇ ಎಂದು ಹೋಟೆಲಿನ ದಸ್ತಗಿರಿ ತೆಲುಗಿನಲ್ಲಿ ಕೂಗಿ ಮುನಿಸಿಕೊಂಡ.

ಚಿಕ್ಕಪ್ಪ ಮಿಲಿಟರಿ ಸಿಪಾಯಿ. ಆಂಧ್ರದ ದೇವನಕೊಂಡದ ಹತ್ತಿರದ ಈ ಊರಿಗೆ ರಜೆಗೆ ಬಂದಿಳಿದಾಗ ಕಡ್ಡಿಯಂತಿದ್ದ. ಈಗ ಅಂಗಿಯ ಗುಂಡಿ ಹಾಕಬೇಕಾದರೆ ಉಸಿರು ಬಿಗಿಹಿಡಿಯಬೇಕು. ತಪ್ಪು ಅವನೊಬ್ಬನದಲ್ಲ. ರಜೆಗೆ ಬಂದ ಸಿಪಾಯಿಯನ್ನು ಬರಿಬಾಯಲ್ಲಿ ಬಾಗಿಲು ದಾಟಗೊಡಬಾರದು ಎಂಬುದು ಊರವರ ಹಟ. ಒಂದು ಮನೆಯಲ್ಲಿ ತಿಂದು ಇನ್ನೊಂದು ಮನೆಯಲ್ಲಿ ಬೇಡವೆಂದರೆ ಮುಗಿಯಿತು, ಆ ಮನೆಯವರು ಮುಖ ತಿರುಗಿಸುತ್ತಾರೆ.

ಹೀಗಿರುವಾಗ ಮಿಲಿಟರಿಯ ಗೆಳೆಯನ ಫೋನ್ ಬಂದಿತ್ತು. ಮಾತು ಮುಗಿಸಿದ ಚಿಕ್ಕಪ್ಪ ಭುವನಾಳ ಕಡೆ ತಿರುಗಿದ.

“ಹೊಸ ಸಾಹೇಬ್ರು ಬಂದಾರಂತ, ಭುವಿ. ಓಟದ ಟೆಸ್ಟ್ ಬಿಗಿ ಮಾಡ್ಯಾರ. ಮೊದಲಿನ ಟೈಮಿಗೆ ಓಡಿದ್ರ ಈಗ ಫೇಲ್. ಫೇಲ್ ಆದ್ರ ರಜಾ ಇಲ್ಲ.”

“ಅಂದ್ರ ಯುಗಾದಿಗೆ ಬರಂಗಿಲ್ಲೇನು?”

ಚಿಕ್ಕಪ್ಪ ತಲೆ ತಗ್ಗಿಸಿದ. ಭುವನಾಳಿಗೆ ಅಳುವೇ ಬಂತು. ಆದರೆ ಅತ್ತರೆ ಹೊಟ್ಟೆ ಕರಗುತ್ತದೆಯೇ? ಪಿಟಿ ಸಾರ್ ಹತ್ತಿರ ಸೀಟಿ ಕೇಳಿ ತಂದಳು. ಆಕೆಯೇ ಕೋಚ್.

ಓಟ ಮನೆಯಿಂದ ಓಣಿ ಹಿಡಿದು ಕೆರೆಗೆ, ಕೆರೆಯಿಂದ ಅದೇ ಓಣಿಯಲ್ಲಿ ವಾಪಸ್ಸು, ಮನೆ ದಾಟಿ ಶಾಲೆಯ ಗೇಟಿಗೆ. ಚಿಕ್ಕಪ್ಪ ಕುದುರೆಯಂತೆ ಓಡುತ್ತಿದ್ದ, ಮರಳಿ ಓಣಿ ಬರುವ ತನಕ. ಓಣಿಯಲ್ಲಿ ನೆರೆಮನೆಯ ಬಸವಕ್ಕ ಮಂಡಕ್ಕಿ ಉಗ್ಗಾಣಿಯ ತಟ್ಟೆ ಹಿಡಿದು ದಾರಿಗೆ ಅಡ್ಡ ನಿಲ್ಲುತ್ತಿದ್ದಳು.

“ಒಂದು ತುತ್ತು ತಿಂದ್ರ ನಿನ್ನ ಟೈಮ್ ಏನು ಓಡಿ ಹೋಗ್ತೈತೇನು?”

“ಹೂಂ, ದೊಡ್ಡವ್ವಾ! ಓಡೇ ಹೋಗ್ತೈತಿ!”

ಕೊನೆಗೆ ಭುವನಾ ಮನೆಮನೆ ಸುತ್ತಿದಳು. “ಯುಗಾದಿಗೆ ಚಿಕ್ಕಪ್ಪ ಬೇಕಂದ್ರ ಯಾರೂ ತಿನ್ನಿಸಬ್ಯಾಡ್ರಿ.” ಎಲ್ಲರೂ ಗೊಣಗುತ್ತಾ ಒಪ್ಪಿದರು. ಒಪ್ಪದವಳು ಒಬ್ಬಳೇ, ಭುವನಾಳ ಸ್ವಂತ ಅಜ್ಜಿ ಉರುಕುಂದಮ್ಮ.

“ನನ್ನ ಮಗ ನನ್ನ ಬಾಗಿಲಾಗ ಹಸಕೊಂಡು ಓಡೋದು ನಾ ನೋಡಂಗಿಲ್ಲ.”

“ಹಂಗಾದ್ರ ನೀನೇ ಅವನ್ನ ಫೇಲ್ ಮಾಡ್ತಿ!” ಭುವನಾ ರೇಗಿದಳು. ಅಜ್ಜಿ ಒಳಗೆ ಹೋದಳು.

ಮಾರನೆ ದಿನ ಕೊನೆಯ ಅಭ್ಯಾಸದ ಓಟ. ಅದರ ಮರುದಿನವೇ ಚಿಕ್ಕಪ್ಪ ಹೊರಡಬೇಕು.

ಅವನು ಓಣಿಗೆ ನುಗ್ಗುತ್ತಲೇ ದಸ್ತಗಿರಿ ಬಜ್ಜಿಯ ಬಾಣಲೆಗೆ ಬೆನ್ನು ಕೊಟ್ಟು ಅಡ್ಡ ನಿಂತ. ಬಸವಕ್ಕ ಉಗ್ಗಾಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಓಡೋ, ನನ್ನ ಕಡಿ ನೋಡಬ್ಯಾಡೋ!” ಎಂದು ಕಿರುಚಿದಳು. ಹುಡುಗರು ಚಪ್ಪಾಳೆ ತಟ್ಟಿದರು. ಕೋಳಿಗಳು ದಿಕ್ಕಾಪಾಲಾದವು. ಭುವನಾ ನಗುತ್ತಾ ಊದಿದ್ದಕ್ಕೆ ಸೀಟಿಯಿಂದ ಬರೀ ಉಗುಳು ಬಂತು.

ಅಷ್ಟರಲ್ಲಿ ಸ್ವಂತ ಮನೆ ಬಂತು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯ ತುಂಬ ಬಿಸಿ ಮೆಣಸಿನಕಾಯಿ ಬಜ್ಜಿ.

“ನರೇಶಾ...”

ಚಿಕ್ಕಪ್ಪನ ಕಾಲು ನಿಧಾನವಾಯಿತು. ಭುವನಾ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಊದಿದಳು. ಪೀ...! ಅವನು ಕಣ್ಣು ಮುಚ್ಚಿ ಓಡೇಬಿಟ್ಟ.

“ಪಾಸ್! ಹೊಸ ಟೈಮಿಗಿಂತ ಮೊದ್ಲೇ ಬಂದಿ ಚಿಕ್ಕಪ್ಪಾ!”

ಶಾಲೆಯ ಗೇಟಿನಲ್ಲಿ ಹಬ್ಬವೋ ಹಬ್ಬ. ಹಿಂದೆಯೇ ಓಡಿಬಂದ ದಸ್ತಗಿರಿ ಬಜ್ಜಿ ಎತ್ತುವ ಜಾರಾ ಹಿಡಿದುಕೊಂಡೇ ಕುಣಿದ. ಭುವನಾಳೂ ಗರಗರ ತಿರುಗಿ ಕುಣಿದಳು. ತಿರುಗುವಾಗ ಓಣಿಯ ಆಚೆ ಕಣ್ಣು ಹೋಯಿತು.

ಅಜ್ಜಿ ಇನ್ನೂ ಅಲ್ಲೇ ಇದ್ದಳು. ತಟ್ಟೆ ಹಿಡಿದ ಕೈ ಚಾಚಿದ ಹಾಗೇ ಇತ್ತು.

ಭುವನಾಳ ಕುಣಿತ ನಿಂತಿತು. ನಾಳೆ ಬಸ್ ಹೋದ ಮೇಲೆ ಅಜ್ಜಿ ಬಜ್ಜಿ ಮಾಡಿದರೂ ಯಾರಿಗೆ ಕೊಡುತ್ತಾಳೆ? ನಿನ್ನೆ ಅಜ್ಜಿಗೆ ತಾನು ಆಡಿದ ಮಾತು ನೆನಪಾಗಿ ಸೀಟಿ ಬಾಯಿಗಿಟ್ಟಳು.

“ಪೀ! ಚಿಕ್ಕಪ್ಪಾ, ಇನ್ನೊಂದು ರೌಂಡ್ ಐತಿ!”

“ಅಯ್ಯೋ, ಇನ್ನೆಲ್ಲಿ ತನಕವ್ವಾ?”

“ಅಜ್ಜಿ ತನಕ!”

ಚಿಕ್ಕಪ್ಪ ತಿರುಗಿ ನೋಡಿದ. ನೋಡಿದವನೇ ಆಗಿನ ಓಟಕ್ಕಿಂತ ಜೋರಾಗಿ ಓಡಿದ.

“ಆರಿ ಹೋಗ್ಯಾವೋ, ತಡಿ, ಬಿಸಿ ಮಾಡ್ಕೊಂಡು ಬರ್ತೀನಿ,” ಎಂದಳು ಅಜ್ಜಿ. ಅವನು ಆಗಲೇ ಬಾಯಿ ತೆರೆದು ನಿಂತಿದ್ದ. ಅಜ್ಜಿ ಬಜ್ಜಿ ಮುರಿದು ಇಟ್ಟಳು. ಅವನು ಅಗಿದಾಗಲೆಲ್ಲ, ಏನೂ ತಿನ್ನದ ಅಜ್ಜಿಯ ಬಾಯಿಯೂ ಅಲ್ಲಾಡುತ್ತಿತ್ತು.

ಭುವನಾ ಒಳಗಿನಿಂದ ನೀರು ತಂದಿಟ್ಟು ಕಟ್ಟೆಯ ಮೇಲೆ ಅವರ ಪಕ್ಕ ಕೂತಳು.

“ನಿಧಾನಕ್ಕ ತಿನ್ನು ಚಿಕ್ಕಪ್ಪಾ,” ಎಂದಳು. “ಟೈಮ್ ಐತಿ.”